ದಾರಿ ತಪ್ಪಿದ ಕಿಡಿ

ಹಿರಿಯೂರಿನ ನಮ್ಮ ಬೀದಿಯ ತಿರುವಿನಲ್ಲಿ ಒಬ್ಬ ಮೆಕ್ಯಾನಿಕ್ ಇದ್ದರು. ಯಾವ ಗಾಡಿ ಸ್ಟಾರ್ಟ್ ಆಗದಿದ್ದರೂ ಅವರದು ಒಂದೇ ಮಾತು: "ಕಿಡಿ ಎಲ್ಲೂ ಹೋಗಿರಲ್ಲ, ದಾರಿ ತಪ್ಪಿರ್ತೈತೆ."

ಮಳೆ ನಿಂತ ಒಂದು ಬೆಳಿಗ್ಗೆ ಅವರು ನನ್ನ ಸ್ಕೂಟರಿನ ಟಯರನ್ನು ಹೆಬ್ಬೆರಳಲ್ಲಿ ಒತ್ತಿ ಗಾಳಿ ನೋಡುತ್ತಿದ್ದರು. ಅಷ್ಟರಲ್ಲಿ ಯಲ್ಲದಕೆರೆಯ ಕುರಿಗಾರರೊಬ್ಬರು ಮೊಪೆಡ್ ತಳ್ಳಿಕೊಂಡು ಬಂದರು. ಕಂಬಳಿಯೊಳಗೆ ಹೊಟ್ಟೆ ಉಬ್ಬರಿಸಿದ ಮರಿಯೊಂದಿತ್ತು.

"ಬೇಗ ನೋಡಪ್ಪ, ದನದಾಸ್ಪತ್ರೆ ಮುಟ್ಟದಿದ್ರೆ ಇದು ಉಳಿಯಲ್ಲ."

ಮೆಕ್ಯಾನಿಕ್ ಏನನ್ನೂ ಬಿಚ್ಚಲಿಲ್ಲ. "ಅಕ್ಕಾರೆ, ಸೆರಗು ಸ್ವಲ್ಪ ಅಡ್ಡ ಹಿಡೀರಿ, ಬಿಸಿಲಾಗೆ ಕಿಡಿ ಕಾಣಲ್ಲ. ಯಜಮಾನ್ರೇ, ನೀವು ಪೆಡಲ್ ತುಳೀರಿ" ಎಂದರು.

ನನ್ನ ಸೆರಗಿನ ನೆರಳಿನಲ್ಲಿ ನಾನೂ ಬಗ್ಗಿ ನೋಡಿದೆ. ಪ್ಲಗ್ಗಿನ ವೈರಿಗೆ ಉಣ್ಣೆ ದಾರ ಸುತ್ತಿತ್ತು. ನೆಂದ ಆ ದಾರದಿಂದ ನೀಲಿ ಚುಕ್ಕೆಯೊಂದು ಇಂಜಿನ್ನಿನ ಮೈಗೆ ಹಾರಿತು.

"ವೈರ್ ಸೀಳಿತ್ತು, ನಾನೇ ಸುತ್ತಿದ್ದೆ" ಎಂದರು ಕುರಿಗಾರರು.

"ಇಂಜಿನ್ನಿಗೂ ಕಂಬಳಿ ಹೊದ್ಸೀರಲ್ಲ!"

ಮೆಕ್ಯಾನಿಕ್ ದಾರ ಬಿಚ್ಚಿ, ವೈರ್ ಒರೆಸಿ, ಸೈಕಲ್ ಟ್ಯೂಬಿನ ಚೂರು ಬಿಗಿದರು. ಮೊಪೆಡ್ ಗುಡುಗುಟ್ಟುತ್ತ ಹೊರಟಿತು.

ಮಧ್ಯಾಹ್ನ ನಾನು ತರಕಾರಿ ತರುವಾಗ ಆ ಮೊಪೆಡ್ ದನದಾಸ್ಪತ್ರೆಯಿಂದ ವಾಪಸ್ ಬಂದು ಮತ್ತೆ ಅಲ್ಲೇ ನಿಂತಿತ್ತು. ಮೆಕ್ಯಾನಿಕ್ ಕಣ್ಣು ಮುಚ್ಚಿ ಇಂಜಿನ್ನಿನ ಸದ್ದು ಕೇಳಿದರು. ಆಮೇಲೆ ಕಂಬಳಿ ಸರಿಸಿ, ಮರಿಯ ಹೊಟ್ಟೆಯನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿ, "ಗಾಳಿ ಇಳಿದೈತೆ, ಹೋಗ್ರಿ" ಎಂದರು.