ವಾರೆ ಕುತ್ತಿಗೆಯ ವ್ಯಾಪಾರ

ವ್ಯಾಪಾರಕ್ಕೆ ಹೋಗುವಾಗ ಮೈಮೇಲೆ ಚಿನ್ನ ಇರಬಾರದು. ಇದು ನಾನು ಕೇಳದವರಿಗೂ ಪುಕ್ಕಟೆ ಕೊಡುವ ಸಲಹೆ. ಅಂಗಿಯ ಕಾಲರು ಸ್ವಲ್ಪ ಸವೆದಿರಲಿ, ಚಪ್ಪಲಿಗೆ ಒಂದು ಹೊಲಿಗೆ ಬಿದ್ದಿರಲಿ. ನನ್ನದು ಹಳೆಯ ಮನೆ ಬಿಚ್ಚಿಸಿ ಮರ, ಹಂಚು, ಬಾಗಿಲು ಮಾರುವ ಕಸುಬು. ತೊಂಬತ್ತರ ದಶಕದ ಕೊನೆಗೆ ಕಾರ್ಕಳದಿಂದ ಕಾಪುವಿನವರೆಗೆ ಎಲ್ಲರಿಗೂ ತಾರಸಿ ಮನೆಯ ಹುಚ್ಚು ಹಿಡಿದಿತ್ತು. ಹಂಚಿನ ಮನೆ ಕೆಡಹುವವರು ಬೇಕಾದಷ್ಟು, ಕೆಡಹಿದ್ದನ್ನು ಕೊಳ್ಳುವವರು ಬೆರಳೆಣಿಕೆ. ಆ ಬೆರಳುಗಳಲ್ಲಿ ನಾನೂ ಒಂದು. ಅಪ್ಪ ನನಗೆಂದು ಬಿಟ್ಟುಹೋದದ್ದು ಒಂದು ಸೈಕಲ್ಲು. ಉಳಿದದ್ದೆಲ್ಲ ಚೌಕಾಸಿಯಿಂದ ಆದದ್ದು.

ಅಂಥ ನಾನು ಒಂದು ಬೆಳಿಗ್ಗೆ ಹೆಂಡತಿಯ ಎರಡೆಳೆ ಸರ ಹಾಕಿಕೊಂಡು ಪಡುಬಿದ್ರಿಗೆ ಮನೆ ನೋಡಲು ಹೋದೆ.

ಕಾರಣ ಇತ್ತು. ಎಡಗಡೆ ದವಡೆಯ ಕೆಳಗೆ ಬಾವು ಎದ್ದಿತ್ತು. ಹೆಂಡತಿ ಎರಡು ಬೆರಳಿನಲ್ಲಿ ಒತ್ತಿ ನೋಡಿ, "ಕೆಪ್ಪಟ್ರಾಯ" ಎಂದು ತೀರ್ಪು ಕೊಟ್ಟಳು. ಮಂಗನಬಾವಿಗೆ ನಮ್ಮ ಕಡೆ ಇರುವ ಹೆಸರು ಅದು. ಅದಕ್ಕೆ ಕುತ್ತಿಗೆಗೆ ಚಿನ್ನ ಹಾಕಬೇಕು, ಬಾವು ಇಳಿಯುವವರೆಗೆ ತೆಗೆಯಬಾರದು.

"ಅದು ಮಕ್ಕಳಿಗೆ ಬರುವುದಲ್ವಾ ಮಾರಾಯ್ತಿ?" ಎಂದೆ.

"ನಿಮಗೆ ಎಲ್ಲವೂ ತಡವಾಗಿಯೇ ಬರುವುದು. ಬುದ್ಧಿ ಇನ್ನೂ ದಾರಿಯಲ್ಲಿ ಉಂಟು" ಎಂದು ಸರದ ಕೊಂಡಿ ಸಿಕ್ಕಿಸಿದಳು.

ಪಡುಬಿದ್ರಿಯ ಮನೆಯ ಯಜಮಾನರು ನನ್ನ ಮುಖ ನೋಡಲೇ ಇಲ್ಲ, ಕುತ್ತಿಗೆ ನೋಡಿದರು. ನೋಡಿ ರೇಟು ಏರಿಸಿದರು. "ಇಷ್ಟು ಹಾಕಿಕೊಂಡು ಬಂದವರು ನನ್ನ ಹತ್ತಿರ ಚೌಕಾಸಿ ಮಾಡುವುದಾ?" ಎಂದರು. ಇದು ಶೋಕಿಗಲ್ಲ, ಕೆಪ್ಪಟ್ರಾಯನಿಗೆ ಎಂದೆ. ಅವರು ಎರಡು ಹೆಜ್ಜೆ ಹಿಂದೆ ಸರಿದು, ಅಂಗಳದಲ್ಲಿ ಆಡುತ್ತಿದ್ದ ಮೊಮ್ಮಕ್ಕಳನ್ನು ಒಳಗೆ ಕರೆದು ಬಾಗಿಲು ಹಾಕಿದರು. ನಾನು ಕೊಳ್ಳಲು ಹೋದದ್ದು ಅದೇ ಬಾಗಿಲನ್ನು. ಒಳ್ಳೆಯ ಬೀಟಿ ಮರ.

ಎಷ್ಟು ದಿನ ಚಿನ್ನ ಹಾಕಿದರೂ ಬಾವು ಇಳಿಯಲಿಲ್ಲ. ಕಂಕುಳಲ್ಲಿ ಇನ್ನೊಂದು ಎದ್ದಿತು. ಅಲ್ಲಿಗೆ ಯಾವ ಒಡವೆ ಎಂದು ಹೆಂಡತಿಗೂ ಗೊತ್ತಿರಲಿಲ್ಲ. ಹಾಗಾಗಿ ಮಣಿಪಾಲದ ಆಸ್ಪತ್ರೆಗೆ ಹೋದೆವು.

ಅಲ್ಲಿನ ಡಾಕ್ಟರಮ್ಮ ಕಡಿಮೆ ಮಾತಿನವರು. ಕುತ್ತಿಗೆ, ಕಂಕುಳು, ತೊಡೆಯ ಸಂದು ಎಲ್ಲ ಮುಟ್ಟಿ ನೋಡಿದರು. ಆಮೇಲೆ ಹೊಟ್ಟೆಯ ಮೇಲೆ ಒಂದು ಬೆರಳಿಟ್ಟು ಇನ್ನೊಂದು ಬೆರಳಿನಲ್ಲಿ ಕುಟ್ಟುತ್ತಾ ಕಿವಿಗೊಟ್ಟರು. ನಾನು ಹಲಸಿನ ಕಂಬ ಕುಟ್ಟಿ ಒಳಗೆ ಟೊಳ್ಳುಂಟೋ ಎಂದು ನೋಡುವುದು ಹೀಗೆಯೇ. ಇವರಿಗೆ ಕೆಲಸ ಗೊತ್ತುಂಟು ಎಂದು ನನಗೆ ನಂಬಿಕೆ ಬಂದದ್ದು ಆಗಲೇ.

ರಕ್ತಪರೀಕ್ಷೆಗಳೆಲ್ಲ ಆದ ಮೇಲೆ ಹೇಳಿದರು. ರಕ್ತದ ಕ್ಯಾನ್ಸರು, ಅದರಲ್ಲಿ ನಿಧಾನದ ಜಾತಿ. ದುಗ್ಧಗ್ರಂಥಿಗಳು ಊದಿಕೊಂಡದ್ದು ಅದರಿಂದ. ಹೆಂಡತಿ ನನ್ನ ಅಂಗಿಯ ತೋಳು ಹಿಡಿದಳು. "ಔಷಧಿ ಹೇಳಿ" ಎಂದೆ ನಾನು.

"ಈಗ ಔಷಧಿ ಬೇಡ. ನೋಡುತ್ತಾ ಇರೋಣ."

ಸಾಮಾನು ಕೈಯಲ್ಲಿಟ್ಟುಕೊಂಡು ಈಗ ಬೇಡ ಎನ್ನುವ ವ್ಯಾಪಾರಿಯನ್ನು ನಾನು ಈ ಜನ್ಮದಲ್ಲಿ ನೋಡಿದವನಲ್ಲ. ಇದು ಚೌಕಾಸಿಯ ವರಸೆ ಎಂದೇ ತಿಳಿದೆ. ನನ್ನ ವರಸೆಯೂ ಸಿದ್ಧ ಇತ್ತು. ಆಯ್ತು ಹಾಗಾದರೆ ಎಂದು ನಿಧಾನ ಎದ್ದೆ. ಬಾಗಿಲಲ್ಲಿ ಚಪ್ಪಲಿ ಹಾಕಲು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡೆ. ಕರೆಯಲಿಲ್ಲ. ಹೊರಗಿನ ಬೆಂಚಿನ ಹತ್ತಿರ ನಿಂತೆ.

"ಎಂತ ನಿಂತದ್ದು?" ಎಂದಳು ಹೆಂಡತಿ.

"ತಾಳು, ಈಗ ಹಿಂದಕ್ಕೆ ಕರೆಯುತ್ತಾರೆ."

ಯಾರೂ ಕರೆಯಲಿಲ್ಲ. ಬಸ್ಸು ಹಿಡಿದು ಕಾರ್ಕಳಕ್ಕೆ ಬಂದೆವು. ಆಮೇಲಿನ ವರ್ಷಗಳಲ್ಲಿ ಹೇಳಿದಾಗಲೆಲ್ಲ ಹೋಗಿ ರಕ್ತ ಕೊಟ್ಟು ಬಂದೆ, ಅವರು ನೋಡುತ್ತಾ ಇದ್ದರು. ಆದರೆ ಒಂದು ಮಾತನ್ನು ಪ್ರತಿಸಲವೂ ಹೇಳುತ್ತಿದ್ದರು: "ಈ ಗಂಟುಗಳು ಸಾಮಾನ್ಯವಾಗಿ ನೋಯುವುದಿಲ್ಲ. ಬೇಗ ಬೆಳೆದರೆ, ನೋಯತೊಡಗಿದರೆ ಕೂಡಲೇ ಬನ್ನಿ. ಅಪರೂಪಕ್ಕೆ ಈ ಕಾಯಿಲೆ ಜಾತಿ ಬದಲಿಸುವುದುಂಟು. ಆಗ ನಿಧಾನದ್ದಲ್ಲ."

ಎಷ್ಟೋ ವರ್ಷ ನೋಯಲಿಲ್ಲ. ಆಮೇಲೆ ನೋಯಿತು. ಕಂಕುಳಿನದ್ದು ಒಂದು ಸಣ್ಣ ಲಿಂಬೆಹಣ್ಣಿನಷ್ಟಾಗಿ ಕೈ ಮೈಗೆ ತಾಗಿಸಲು ಬಿಡಲಿಲ್ಲ. ಕುತ್ತಿಗೆಯಲ್ಲಿ ಸಾಲಾಗಿ ಎದ್ದ ಗಂಟುಗಳು ತಲೆಯನ್ನು ಬಲಕ್ಕೆ ತಳ್ಳಿದವು. ಎಡಗೈ ಸೊಂಟದ ಮೇಲೆ, ತಲೆ ವಾರೆ. ನನಗೆ ಹೀಗೆ ನಿಂತರೆ ಮಾತ್ರ ಸಮಾಧಾನ.

ಇಲ್ಲಿ ನನಗೆ ಗೊತ್ತಾದಷ್ಟು ಹೇಳಿಬಿಡುತ್ತೇನೆ, ಯಾರಿಗಾದರೂ ಉಪಯೋಗಕ್ಕೆ ಬರಲಿ. ಕಾಲರಿನ ಅಂಗಿ ಬೇಡ, ಸಡಿಲ ಜುಬ್ಬ ಸಾಕು. ಎಡ ಕಂಕುಳಿನ ಬಾವಾದರೆ ಬಸ್ಸಿನಲ್ಲಿ ಎಡಗಡೆಯ ಕಿಟಕಿಗೆ ಕೂತುಕೊಳ್ಳಿ, ಇನ್ನೊಬ್ಬರ ಮೊಣಕೈ ಆ ಕಡೆ ಇರುವುದಿಲ್ಲ. ಮಲಗುವಾಗ ತೋಳಿನ ಕೆಳಗೆ ಮೆತ್ತನೆಯ ದಿಂಬು. ತಣ್ಣೀರಿನಲ್ಲಿ ಅದ್ದಿ ಹಿಂಡಿದ ಬೈರಾಸು ಹಾಕಿದರೆ ನನಗೆ ಸ್ವಲ್ಪ ಹಿತ ಆಗುತ್ತಿತ್ತು. ಎಣ್ಣೆ ಹಚ್ಚಿ ತಿಕ್ಕಿ ಕರಗಿಸುತ್ತೇನೆ ಎನ್ನುವ ನೆಂಟರನ್ನು ಗೇಟಿನಲ್ಲೇ ನಿಲ್ಲಿಸಿ. ಎಲ್ಲಕ್ಕಿಂತ ಮೊದಲು, ನೋವು ಶುರುವಾದ ದಿನವೇ ಡಾಕ್ಟರ ಹತ್ತಿರ ಹೋಗಿ. ನಾನು ಹೋಗಲಿಲ್ಲ. ಯಾಕೆಂದರೆ ವ್ಯಾಪಾರ ಕುದುರಿತ್ತು.

ಹೌದು, ಆ ವಾರೆ ನಿಲುವಿನಿಂದಲೇ. ಮನೆಯವರು ಮರದ ರೇಟು ಹೇಳುತ್ತಾರೆ. ಎದುರಿಗೆ ಒಬ್ಬ ಮನುಷ್ಯ ಸೊಂಟಕ್ಕೆ ಕೈಕೊಟ್ಟು, ತಲೆ ವಾರೆ ಮಾಡಿ, ಮುಖ ಸಿಂಡರಿಸಿ, ನೀವು ಹೇಳಿದ ಒಂದಕ್ಷರವೂ ನಾನು ನಂಬುವುದಿಲ್ಲ ಎನ್ನುವ ಹಾಗೆ ನಿಂತಿದ್ದಾನೆ. ನಾನು ಬಾಯಿ ಬಿಡುವ ಮೊದಲೇ ಅವರು ಇಳಿಸುತ್ತಿದ್ದರು. ನೋವಿನ ಒಂದು ಸೆಳೆತ ಬಂದು ನಾನು ಕಣ್ಣು ಮುಚ್ಚಿದರೆ ಮತ್ತೂ ಇಳಿಸುತ್ತಿದ್ದರು. ಮನೆ ಬಿಚ್ಚುವ ನನ್ನ ಮೇಸ್ತ್ರಿ ಗದಗಿನ ಕಡೆಯವನು. ಅವನೇ ಒಂದು ದಿನ ಹೇಳಿದ: "ಸಾವ್ಕಾರ್ರ, ನೀವು ಹಿಂಗ ನಿಂತ್ರ ಪಗಾರ ಹೆಚ್ಚ ಮಾಡ್ರಿ ಅಂತ ಕೇಳಾಕ ನನಗ ಧೈರ್ಯನ ಬರವಲ್ದು ನೋಡ್ರಿ."

ಮಳೆಗಾಲ ಹತ್ತಿರ ಬಂದಾಗ ಕಾಪುವಿನಲ್ಲಿ ಒಂದು ದೊಡ್ಡ ಮನೆ ಬಿಚ್ಚುವ ಸುದ್ದಿ ಸಿಕ್ಕಿತು. ಹಂಚು ಹೊರುವ ಪಕ್ಕಾಸುಗಳೆಲ್ಲ ಕಿರಾಲ್‌ಬೋಗಿ, ನೂರಾರು ವರ್ಷ ಹುಳ ಮುಟ್ಟದ ಮರ. ಅದೇ ವಾರ ಹೆಂಡತಿ ನನ್ನನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಮಣಿಪಾಲಕ್ಕೆ ಹೋದಳು.

ಡಾಕ್ಟರಮ್ಮ ಕೇಳಿದರು: "ನೋವು ಇಲ್ಲವೇ ಇಲ್ಲ ಅಂದರೆ ಸೊನ್ನೆ. ತಡೆಯಲಿಕ್ಕೇ ಆಗದ ನೋವು ಅಂದರೆ ಹತ್ತು. ನಿಮ್ಮದು ಎಷ್ಟು?"

ಅವರು ರೇಟು ಕೇಳಿದ ಹಾಗೆ ಕೇಳಬಾರದಿತ್ತು. ನನ್ನ ಒಳಗಿನ ಲೆಕ್ಕ ತಾನಾಗಿ ಓಡಿತು. ನಿಜ ಹೇಳಬೇಕೆಂದರೆ ಏಳು. ಏಳು ಎಂದರೆ ಇವತ್ತೇ ಮಲಗಿಸಿ ಗಂಟಿನ ತುಂಡು ತೆಗೆಯುತ್ತಾರೆ, ಕಾಪುವಿನ ಮನೆ ಬೇರೆಯವರ ಪಾಲಾಗುತ್ತದೆ. ಕಡಿಮೆಯಿಂದ ಶುರು ಮಾಡಿದರೆ ಅವರು ಏರಿಸುತ್ತಾರೆ, ನಡುವೆ ಎಲ್ಲೋ ಒಪ್ಪಂದ ಆಗುತ್ತದೆ.

"ಮೂರು" ಎಂದೆ.

"ಮೂರಾ?" ಎಂದು ಹೆಂಡತಿ ತಿರುಗಿದಳು. "ಡಾಕ್ಟ್ರೇ, ಇವರು ಅನ್ನ ಕಲಸಲಿಕ್ಕೂ ಎಡಗೈ ಅಲ್ಲಾಡಿಸುವುದಿಲ್ಲ."

"ಅನ್ನ ಕಲಸುವುದು ಬಲಗೈಯಲ್ಲಿ" ಎಂದೆ.

ಡಾಕ್ಟರಮ್ಮ ಏರಿಸಲಿಲ್ಲ. ಇಬ್ಬರ ಮುಖವನ್ನೂ ನೋಡಿ, ನೋವು ಯಾರದೋ ಅವರ ಮಾತನ್ನೇ ಬರೆಯಬೇಕು ಎಂದು ಮೂರು ಬರೆದರು. ಒಂದು ಮಾತ್ರೆ ಕೊಟ್ಟು, ಜ್ವರ ಬಂದರೆ ಒಂದು ದಿನವೂ ಕಾಯಬೇಡಿ, ಮುಂದಿನ ವಾರ ಹೇಗೂ ಬನ್ನಿ ಎಂದರು. ನನ್ನ ಮಾತನ್ನು ಹೇಳಿದ ರೇಟಿಗೇ ತೆಗೆದುಕೊಂಡ ಮೊದಲನೆಯವರು ಅವರು. ಬಸ್ಸಿನಲ್ಲಿ ಹೆಂಡತಿ ನನ್ನ ಪಕ್ಕದ ಸೀಟು ಬಿಟ್ಟು ಹಿಂದಿನ ಸೀಟಿನಲ್ಲಿ ಕೂತಳು.

ಕಾಪುವಿನ ಮನೆಯವರು ಕೊಂಕಣಿ ಕ್ರಿಶ್ಚಿಯನರು, ಕುವೈಟಿನಲ್ಲಿ ದುಡಿದು ಊರಿಗೆ ಮರಳಿದ ಗಂಡ ಹೆಂಡತಿ. ಹೆಂಡತಿಯನ್ನು ಊರವರು ಬಾಯಮ್ಮ ಎನ್ನುತ್ತಿದ್ದರು. ಮಾತು ಬಾಯಮ್ಮನದ್ದು, ಮೌನ ಗಂಡನದ್ದು. ನಾನು ಮೇಸ್ತ್ರಿಯನ್ನು ಕರೆದುಕೊಂಡು ಹೋಗಿದ್ದೆ. ಬೆಳಿಗ್ಗೆಯಿಂದಲೇ ಮೈ ಬಿಸಿ ಇತ್ತು. ಬಿಸಿಲಿಗೆ ಎಂದುಕೊಂಡೆ.

ಬಾಯಮ್ಮ ರೇಟು ಹೇಳಿದರು. ನಾನು ಸೊಂಟಕ್ಕೆ ಕೈಕೊಟ್ಟು ತಲೆ ವಾರೆ ಮಾಡಿ ನಿಂತೆ.

"ಎಂತ, ನಂಬಿಕೆ ಇಲ್ವಾ? ಕುವೈಟಿನಲ್ಲಿ ನಿಮ್ಮಂಥವರನ್ನು ತುಂಬ ನೋಡಿದ್ದೇನೆ ನಾನು. ಒಬ್ಬ ಕಣ್ಣು ಮುಚ್ಚಿಕೊಂಡೇ ವ್ಯಾಪಾರ ಮಾಡುತ್ತಿದ್ದ" ಎಂದು ಅದೇ ರೇಟನ್ನು ಇನ್ನೊಮ್ಮೆ ಹೇಳಿದರು.

ನಮ್ಮ ಕಸುಬಿನಲ್ಲಿ ಕಾಗದಪತ್ರ ಇಲ್ಲ. ತಲೆಯೇ ಸಹಿ. ಒಮ್ಮೆ ತಲೆ ಆಡಿಸಿದರೆ ಮುಗಿಯಿತು, ಆಮೇಲೆ ಹಿಂದೆ ಸರಿದವನಿಗೆ ಆ ಊರಿನಲ್ಲಿ ಯಾರೂ ಮನೆ ತೋರಿಸುವುದಿಲ್ಲ. ಬಾಯಮ್ಮ ಖಂಡಿತ ಇಳಿಸುವವರಿದ್ದರು, ಅವರ ಗಂಡ ಆಗಲೇ ಅವರ ಸೆರಗು ಎಳೆಯುತ್ತಿದ್ದರು. ಅದೇ ಹೊತ್ತಿಗೆ ಹಂಚಿನ ಮಾಡು ಹತ್ತಿ ನೋಡಿ ಇಳಿದ ಮೇಸ್ತ್ರಿ ಹಿಂದಿನಿಂದ ಬಂದ. ಮರ ಚೆನ್ನಾಗುಂಟು ಎಂದು ಕಿವಿಯಲ್ಲಿ ಹೇಳಲು ನನ್ನ ಎಡ ಹೆಗಲಿಗೆ ಕೈಹಾಕಿ ತನ್ನ ಕಡೆ ಜಗ್ಗಿದ.

ಕಂಕುಳಿನಿಂದ ನೆತ್ತಿಗೆ ಏನೋ ಹರಿಯಿತು. ನನ್ನ ತಲೆ ಎದೆಯವರೆಗೆ ಬಾಗಿ ಮೇಲೆ ಬಂತು. ಅಷ್ಟಕ್ಕೇ ನಿಲ್ಲದೆ ಇನ್ನೊಮ್ಮೆ ಬಾಗಿತು.

"ಆಯ್ತಲ್ಲ" ಎಂದರು ಬಾಯಮ್ಮ. "ಎರಡು ಸಲ ಒಪ್ಪಿದರು. ರೀ, ಬೊಂಡ ಕೆತ್ತಿ."

ಅಲ್ಲ ಎನ್ನಬೇಕು, ಬಾಯಿ ಏಳಲಿಲ್ಲ. ಕಣ್ಣಿನಿಂದ ನೀರು ಮಾತ್ರ ಇಳಿಯಿತು. ಬಾಯಮ್ಮ ಗಂಡನಿಗೆ ಹೇಳುವುದು ಕೇಳಿಸಿತು: "ಪಾಪ, ಸಂತೋಷ ತಡೆಯಲಿಕ್ಕಾಗಲಿಲ್ಲ. ಆ ಮರದ ಬೆಲೆ ಬಲ್ಲವರು."

ಬೊಂಡದ ಎಳನೀರು ಕುಡಿದು ಕೂತಾಗ ಮೈ ನಡುಗತೊಡಗಿತು. ಮೇಸ್ತ್ರಿ ಹಣೆ ಮುಟ್ಟಿ ನೋಡಿ, "ಸಾವ್ಕಾರ್ರ, ಮರದ ಮಾತ ಆಮ್ಯಾಲ" ಎಂದು ರಿಕ್ಷಾ ತಂದ. ಎಸ್‌ಟಿಡಿ ಬೂತಿನಿಂದ ನನ್ನ ಮನೆಗೆ ಫೋನು ಮಾಡಿದ. ನಾನು ಮಣಿಪಾಲ ಮುಟ್ಟಿ ಸ್ವಲ್ಪ ಹೊತ್ತಿಗೆ ಹೆಂಡತಿಯೂ ಕಾರ್ಕಳದಿಂದ ಬಂದಳು.

"ಈಗ ಎಷ್ಟು?" ಎಂದರು ಡಾಕ್ಟರಮ್ಮ.

"ಒಂಬತ್ತು."

"ಮೊನ್ನೆ ಮೂರು ಇತ್ತು."

"ಮೊನ್ನೆಯದ್ದು ಕೇಳಿದ ರೇಟು. ಇದು ಕೊಟ್ಟ ರೇಟು" ಎಂದೆ. ಅವರು ನಗಲಿಲ್ಲ. ಕೂಡಲೇ ಮಲಗಿಸಿದರು, ಸೂಜಿ ಮದ್ದು ಶುರು ಮಾಡಿದರು. ಗಂಟಿನ ತುಂಡು ಪರೀಕ್ಷೆಗೆ ಹೋಯಿತು. ಜಾತಿ ಬದಲಾಗಿದೆಯೋ ಇಲ್ಲವೋ ಅದರಲ್ಲಿ ಗೊತ್ತಾಗಬೇಕು. ಆ ಫಲಿತಾಂಶ ಬರುವವರೆಗೆ ನಾನು ದೇವರ ಹತ್ತಿರವೂ ಚೌಕಾಸಿ ಮಾಡಲಿಲ್ಲ. ಏನು ಕೊಡುತ್ತೇನೆ ಎಂದು ಹೇಳಲು ಹೋದರೂ ಕಡಿಮೆ ರೇಟೇ ಬಾಯಿಗೆ ಬರುತ್ತಿತ್ತು. ಹೆಂಡತಿ ಮಂಚದ ಪಕ್ಕ ಕೂತು, ಇವರ ಕೆಪ್ಪಟ್ರಾಯನಿಗೆ ನಾನೇ ಮೊದಲು ಚಿನ್ನ ಹಾಕಿದ್ದು, ತಡವಾದದ್ದು ನನ್ನಿಂದಲೇ ಎಂದು ಪಕ್ಕದ ಮಂಚದ ರೋಗಿಯ ಹೆಂಡತಿಯ ಹತ್ತಿರ ಹೇಳಿಕೊಳ್ಳುತ್ತಿದ್ದಳು. ನನ್ನ ಹತ್ತಿರ ಹೇಳಲಿಲ್ಲ.

ಜಾತಿ ಬದಲಾಗಿರಲಿಲ್ಲ. ಗಂಟಿಗೆ ಸೋಂಕು ತಗಲಿತ್ತು, ಅದರ ಜೊತೆಗೆ ಕಾಯಿಲೆಯೂ ಬೆಳೆದಿತ್ತು. ಸೋಂಕು ಇಳಿದ ಮೇಲೆ, ಇನ್ನು ನೋಡುತ್ತಾ ಇರುವುದು ಸಾಕು ಎಂದು ಡಾಕ್ಟರಮ್ಮ ಮಾತ್ರೆ ಬರೆದರು. ಆ ಚೀಟಿಯನ್ನು ನಾನು ಎರಡು ಕೈಯಲ್ಲಿ ತೆಗೆದುಕೊಂಡೆ.

ಕೆಲವು ತಿಂಗಳಲ್ಲಿ ಗಂಟುಗಳು ಇಳಿದವು, ತಲೆ ನೆಟ್ಟಗಾಯಿತು. ವ್ಯಾಪಾರಕ್ಕೆ ಮಾತ್ರ ಇದು ಒಳ್ಳೆಯದಾಗಲಿಲ್ಲ. ನೆಟ್ಟಗಿನ ತಲೆಗೆ ಯಾರೂ ಹೆದರುವುದಿಲ್ಲ. ಕನ್ನಡಿಯ ಎದುರು ಹಳೆಯ ಭಂಗಿ ಅಭ್ಯಾಸ ಮಾಡಿದೆ. "ಫೋಟೋ ತೆಗೆಸಲಿಕ್ಕೆ ನಿಂತ ಹಾಗೆ ಉಂಟು" ಎಂದಳು ಹೆಂಡತಿ. ಕಾಪುವಿನ ಮರ ಬಾಯಮ್ಮನ ರೇಟಿಗೇ ಬಂತು, ಮಾತು ಮಾತೇ. ಅದರ ಒಂದು ಪಕ್ಕಾಸನ್ನು ಮಾರದೆ ಇಟ್ಟುಕೊಂಡಿದ್ದೇನೆ.

ಆಮೇಲೊಮ್ಮೆ ಕುತ್ತಿಗೆ ಮತ್ತೆ ಸ್ವಲ್ಪ ಊದಿತು. ಈ ಸಲ ಮರುದಿನವೇ ಹೋದೆವು. ಡಾಕ್ಟರಮ್ಮ ಮುಟ್ಟಿ ನೋಡಿ ಪೆನ್ನು ಕೈಗೆತ್ತಿಕೊಂಡರು.

"ಎಷ್ಟು?"

"ನಾಲ್ಕು."

ಅವರು ಬರೆಯಲಿಲ್ಲ. ಏರಿಸಲೂ ಇಲ್ಲ, ಹೆಂಡತಿಯ ಮುಖ ನೋಡಲೂ ಇಲ್ಲ. ಪೆನ್ನು ಹಿಡಿದುಕೊಂಡು ಸುಮ್ಮನೆ ಕೂತರು. ಈ ಮೌನ ನನಗೆ ಗೊತ್ತು. ಜೀವಮಾನವೆಲ್ಲ ನಾನು ಬೇರೆಯವರ ಅಂಗಳದಲ್ಲಿ ನಿಂತು ಬಳಸಿದ್ದು ಅದನ್ನೇ. ಅದರ ಎದುರು ಮೊದಲು ಬಾಯಿ ಬಿಟ್ಟವನು ಸೋತ. ಫ್ಯಾನು ತಿರುಗುತ್ತಿತ್ತು. ಹೆಂಡತಿ ಬ್ಯಾಗಿನ ಜಿಪ್ಪು ಎಳೆದಳು, ಮುಚ್ಚಿದಳು.

"ಆರು" ಎಂದೆ.

ಬರೆದುಕೊಂಡರು.