ಫಕ್ರುಸಾಬನ ಪದದಲ್ಲಿ ನನ್ನ ಹೆಸರು

ಬೆಟಗೇರಿಯ ನೇಕಾರ ಫಕ್ರುಸಾಬನನ್ನು ಬಹಳ ದಿನ ನಾನು ಸವತಿಯನ್ನು ನೋಡುವ ಕಣ್ಣಿನಿಂದಲೇ ನೋಡಿದೆ. ನಮ್ಮ ಮನೆಯವರು, ಕೊಟ್ರಪ್ಪ ಮಾಸ್ತರು, ಶಾಲೆ ಬಿಟ್ಟವರೇ ಅವನ ಮಗ್ಗದ ಮುಂದೆ ಕೂರುತ್ತಿದ್ದರು. ಕೂಸು ಅಪ್ಪನ ಮುಖ ಮರೆತೀತೆಂದು ನಾನೇ ಅದನ್ನೆತ್ತಿಕೊಂಡು ಅಲ್ಲಿಗೆ ಹೋಗತೊಡಗಿದೆ. ಅವನ ಹೆಂಡತಿ ಲಾಲಬಿ ಪಕ್ಕದಲ್ಲಿ ರಾಟೆ ಹಿಡಿದು ನೂಲು ಸುತ್ತುತ್ತಿದ್ದಳು.

ಫಕ್ರುಸಾಬ ನೇಯುತ್ತಲೇ ಮಾತಾಡುವನು. "ಬಿಳಿ ಮಂದಿ ಗಿರಣಿ ಅರಿವಿ ಬಂದು ನಮ್ಮಪ್ಪನ ಮಗ್ಗ ನಿಂತಿತ್ತು. ಈಗ ನಮ್ಮವರ ಗಿರಣಿ ನನ್ನ ಮಗ್ಗ ನಿಲ್ಲಸಾಕ ಹತ್ತೈತಿ. ಹಂಗಾರ ಹೋದಾವ ಯಾರು, ಮಾಸ್ತರ? ದೇಶ ಅಂದ್ರ ತಾಯಿ ಅಂತಾರ. ಯಾವ ಮಗ ಅವ್ವನ ಸುತ್ತ ಬೇಲಿ ಹಾಕ್ತಾನ?"

ಮೊಹರಂ ಮೇಳಗಳಿಗೆ ಅವನೇ ಪದ ಕಟ್ಟುವವನು. ಒಂದು ಊರಿನ ಮೇಳ ಪದದಲ್ಲಿ ಸವಾಲು ಹಾಕಿದರೆ ಇನ್ನೊಂದು ಊರು ಪದದಲ್ಲೇ ಜವಾಬು ಕೊಡಬೇಕು. ಬಿಳಿ ದೊರೆ ಹೋದ ಮೇಲೆ ಉಳಿದದ್ದೇನು ಎಂದು ಮುಂಡರಗಿಯವರು ಹಿಂದಿನ ವರ್ಷ ಕೇಳಿ ಹೋಗಿದ್ದರು. ಎಪ್ಪತ್ತೊಂಬತ್ತರ ಮೊಹರಂ ಹತ್ತಿರ ಬಂದರೂ ಫಕ್ರುಸಾಬನಿಗೆ ಜವಾಬು ಕೂಡಿಬಂದಿರಲಿಲ್ಲ.

ಕೂಸನ್ನು ತಟ್ಟುತ್ತಿದ್ದ ನಾನು ಸುಮ್ಮನೆ ಅಂದೆ: "ತೊಟ್ಟಿಲ ನಮದಾತು, ತೂಗೋ ಕೈ ನಮದಾತು, ಜೋಗುಳ ಅವರದ ಉಳದೈತಿ."

ಫಕ್ರುಸಾಬನ ಮಗ್ಗದಲ್ಲಿ ಓಡುತ್ತಿದ್ದ ಲಾಳಿ ನಿಂತಿತು. ನಮ್ಮವರು ನನ್ನತ್ತ ತಿರುಗಿದರು. "ಇಷ್ಟೆಲ್ಲಾ ವಿಚಾರ ಯಾವಾಗ ಮಾಡ್ತೀಯಲೇ?"

"ನೀವು ಮನ್ಯಾಗ ಇಲ್ಲದಾಗ ರೀ."

ಮರುದಿನ ನಮ್ಮವರು ಕುಣಿಯುತ್ತ ಮನೆಗೆ ಬಂದು ಇಡೀ ಪದ ಹಾಡಿ ತೋರಿಸಿದರು. ನನ್ನ ಸಾಲೇ ಪಲ್ಲವಿ. ಆದರೆ ಕಟ್ಟಿದವರ ಹೆಸರು ಬರಬೇಕಾದ ಕೊನೆಯ ನುಡಿಯಲ್ಲಿ 'ಬೆಟಗೇರಿ ಫಕ್ರುಸಾಬ' ಒಬ್ಬನೇ. ಗಂಡನನ್ನಂತೂ ಒಯ್ದಿದ್ದ, ಈಗ ಮಾತನ್ನೂ ಒಯ್ದ. ಕೂಸಿಗೆ ಹಾಲು ಕುಡಿಸಿ, ಒಲೆ ಆರಿಸಿ, ನೆಟ್ಟಗೆ ಅವನ ಮನೆಗೆ ಹೋದೆ.

"ಕಾಕಾ, ನಮ್ಮ ಹತ್ತಿ ಒಯ್ದು ತಮ್ಮ ಛಾಪಾ ಹೊಡದು ಮಾರಿದ್ರು ಅಂತ ಬಿಳಿ ಮಂದೀನ ಬೈತೀರಲ್ಲ, ನೀವು ಮಾಡಿದ್ದೇನ್ರಿ?"

ಅವನು ಮಗ್ಗಕ್ಕೆ ಬಿಗಿದ ಹಾಸಿನಲ್ಲಿ ಕಡಿದಿದ್ದ ಎಳೆಯೊಂದನ್ನು ಗಂಟು ಹಾಕಿದ. "ಹೆಣ್ಮಗಳ ಹೆಸರು ಮೇಳದಾಗ ಹಾಡಿದ್ರ ಮಂದಿ ನಗತೈತೆವ್ವ."

"ನಗಲಿ ಬಿಡ್ರಿ."

"ಖರೆ ಐತಿ. ಆತು, ಹಾಕ್ತೀನಿ."

ಹಾಕಿದ. ಮೊಹರಮ್ಮಿನ ದಿನ ಕಿಚ್ಚು ಹಾಕಿದ ಅಲಾಯಿ ಕುಣಿಯ ಮುಂದೆ 'ಫಕ್ರುಸಾಬ ಸುಮಿತ್ರವ್ವ ಕೂಡಿ ಕಟ್ಟಿದ ಪದ' ಎಂದು ಮೇಳ ನನ್ನ ಹೆಸರನ್ನೂ ಎತ್ತಿ ಹಾಡಿತು. ಮುಂಡರಗಿಯವರು "ಭಲೇ!" ಅಂದರು. ನಾನು ಕೂಸನ್ನು ಮೇಲೆತ್ತಿ ಹಿಡಿದೆ, ಅದಕ್ಕೂ ಕೇಳಲಿ ಎಂದು.

ಮೊಹರಂ ಮುಗಿದ ಎರಡನೆಯ ದಿನ ಲಾಲಬಿ ನಮ್ಮ ಹೊಸ್ತಿಲಲ್ಲಿ ನಿಂತಳು. ಒಳಗೆ ಕರೆದರೆ ಬರಲಿಲ್ಲ.

"ನಾ ನೂಲು ಸುತ್ತಿ ಕೊಡದ ಆ ಮುದುಕ ಒಂದ ಸೀರಿನೂ ನೇಯ್ದಿಲ್ಲ. ಕಟ್ಟಿದ ಪದಾ ಎಲ್ಲಾಕಿಂತ ಮೊದಲ ಕೇಳಿ ಕುಂದು ತೆಗದಾಕಿ ನಾನು. ನನ್ನ ಹೆಸರು ಯಾವ ಪದದಾಗ ಐತಿ? ನೀ ನಿನ್ನೆ ಬಂದಾಕಿ."

"ಮುಂದಿನ ವರ್ಷ ನಿಮ್ಮ ಹೆಸರು ಹಾಕಸೂಣು, ಚಿಗವ್ವ."

"ಮೂರು ಹೆಸರು ಒಂದ ನುಡಿಯಾಗ ಹಿಡಿಯಂಗಿಲ್ಲ. ನಿಂದು ತಗಸ್ತೀಯೇನು?"

ನಾನು ಒಲೆಯ ಕಡೆ ತಿರುಗಿದೆ. ಚಹಾ ಕುಡಿದು ಹೋಗಿರಿ ಅಂದೆ. ಅವಳು ಕುಡಿಯದೆ ಹೋದಳು.