ದೇವರಿಲ್ಲದ ಹಬ್ಬಕ್ಕೆ ತಂಬಿಟ್ಟಿನ ದೀಪ

ನಮ್ಮ ಓನರಮ್ಮನ ನೆತ್ತಿಯ ಮೇಲೆ ಅಂಗೈಯಗಲ ಕೂದಲಿರಲಿಲ್ಲ. ದೊಡ್ಡನೆಕ್ಕುಂದಿ ಇನ್ನೂ ಊರಾಗಿದ್ದಾಗ ವರ್ಷಗಟ್ಟಲೆ ಸೊಪ್ಪಿನ ಹೊರೆ ಹೊತ್ತು ಸವೆದ ಜಾಗ ಅದು. ಹೊಲ ಹೋಗಿ ಅಲ್ಲಿ ಬಾಡಿಗೆ ಮನೆಗಳೆದ್ದ ಮೇಲೂ ಕೂದಲು ಬರಲಿಲ್ಲ. ಆ ಮನೆಗಳಲ್ಲೊಂದರಲ್ಲಿ ನಾವಿದ್ದೆವು.

ಓನರಮ್ಮನ ಬಾಯಿ ಕೆಟ್ಟದ್ದು. ನೀರು ಚೆಲ್ಲಿದವರಿಗೆ, ಗೇಟು ಹಾಕದವರಿಗೆ, ಎಲ್ಲರಿಗೂ ಒಂದೇ ಬೈಗುಳ: "ಥೂ, ಅನ್ನ ತಿಂತೀರೋ ಏನ್ ತಿಂತೀರೋ." ಪಿಯುಸಿ ಮುಗಿದ ಮೇಲೆ ಅಪ್ಪ ನನ್ನನ್ನು ಗಾರ್ಮೆಂಟ್ಸ್‌ಗೆ ಸೇರಿಸಲು ಹೊರಟಾಗ ಗೇಟಿಗೆ ಅಡ್ಡ ನಿಂತು ಅದೇ ಬೈಗುಳ ಬೈದು ಅಂದರು: "ಗಾರ್ಮೆಂಟ್ಸ್ ಎಲ್ಗೂ ಓಡೋಗಲ್ಲ ಕಣಯ್ಯ. ಮಗು ಮೊದ್ಲು ಓದ್ಲಿ." ಅಪ್ಪ ಚಪ್ಪಲಿ ಬಿಚ್ಚಿ ಒಳಗೆ ಬಂದ. ನಮ್ಮ ವಂಶದಲ್ಲಿ ಡಿಗ್ರಿ ಮಾಡಿದ ಮೊದಲನೆಯವಳು ನಾನು, ಹೇಳಿಕೊಳ್ಳಲು ನಾಚಿಕೆಯಿಲ್ಲ.

ನಾಚಿಕೆಯಾಗುವುದು ಇನ್ನೊಂದಕ್ಕೆ.

ಎದುರಿನ ಅಪಾರ್ಟ್‌ಮೆಂಟಿನವರಿಗೆ ಬೀದಿ ಹಬ್ಬ ಮಾಡುವ ಹುಕಿ ಬಂತು. ವರ್ಷವೆಲ್ಲ ಗಾಜು ಏರಿಸಿಕೊಂಡು ಕಾರಿನಲ್ಲಿ ದಾಟುವ ಬೀದಿಯನ್ನು ಒಂದು ಭಾನುವಾರ ಬಂದ್ ಮಾಡಿಸಿ, ಅದರಲ್ಲಿ ನಡೆದಾಡಿ, ಅಯ್ಯೋ ಎಷ್ಟು ಚೆಂದ ಎಂದು ಬೆರಗಾಗುವ ಹಬ್ಬ. ರಾಗಿ ಪಿಜ್ಜಾ, ಗೋಡೆಗೆ ಎತ್ತಿನ ಚಿತ್ರ, ನಾಯಿಗಳ ಫ್ಯಾಷನ್ ಶೋ. ಎಳನೀರಿನವನನ್ನು ಮೂಲೆಯಿಂದ ಎಬ್ಬಿಸಿ ಅಲ್ಲಿ ಪ್ಲೈವುಡ್ಡಿನ ಗುಡಿಸಲು ಕಟ್ಟಿ 'ನಮ್ಮ ಹಳ್ಳಿ' ಎಂದು ಬೋರ್ಡು ಹಾಕಿದರು. ಕನ್ನಡ ಚೆನ್ನಾಗಿದೆಯೆಂದು ಮೈಕು ನನ್ನ ಕೈಗೆ ಕೊಟ್ಟರು. ನಾನೂ ಉಬ್ಬಿದೆ. ಗುಡಿಸಲಿನಲ್ಲಿಡಲು ತಂಬಿಟ್ಟಿನ ದೀಪ ಬೇಕೆಂದಾಗ ಓನರಮ್ಮನಿಗೆ ಹೇಳಿಬಂದವಳೂ ನಾನೇ. ಹಬ್ಬ ಎಂದೆ, ಅಷ್ಟೆ. ಹಬ್ಬವೆಂದ ಮೇಲೆ ದೇವರಿದ್ದೇ ಇರುತ್ತದೆ ಎಂದುಕೊಂಡರು ಅವರು.

ಉಪವಾಸವಿದ್ದು, ಅಕ್ಕಿ ನೆನೆಸಿ ಕುಟ್ಟಿ, ಬೆಲ್ಲ ಕಲಸಿ ದೀಪ ಮಾಡಿದರು. ತುಪ್ಪದ ಬತ್ತಿ ಹಚ್ಚಿ, ತಟ್ಟೆಯನ್ನು ತಲೆಯ ಮೇಲಿಟ್ಟು, ಅದನ್ನು ಹಿಡಿಯದೆ ಕೈಬಿಟ್ಟು, ಬತ್ತಿಗೆ ಎರೆಯುವ ತುಪ್ಪದ ಗಿಂಡಿಯ ಸಮೇತ ಬರಿಗಾಲಲ್ಲಿ ಬಂದರು. ಹಚ್ಚಿ ಹೊತ್ತ ದೀಪವನ್ನು ಮಾರಮ್ಮನ ಮುಂದೆಯೇ ಇಳಿಸಬೇಕು. ದಾರಿಯಲ್ಲಿ ಆರಿದರೆ ಮನೆಗೆ ಕೇಡು ಅನ್ನುವುದು ಊರಿನವರ ನಂಬಿಕೆ.

"ಅಮ್ಮ ಎಲ್ಲವ್ಳೆ?" ಎಂದು ಕೇಳಿದರು.

ಕಮಿಟಿಯ ಮೇಡಂ ಗುಡಿಸಲು ತೋರಿಸಿದರು. "ಇಲ್ಲೇ ಇಡಿ ಆಂಟಿ. ಆದ್ರೆ ಬೆಂಕಿ ಬೇಡ, ಪ್ಲೈವುಡ್ ಅಲ್ವಾ? ಊದ್ಬಿಡಿ. ಬ್ಯಾಟರಿ ದೀಪ ತಂದಿದೀವಿ, ಸೇಮ್ ಕಾಣತ್ತೆ."

"ಊದ್ಬೇಕಾ?"

"ಹ್ಞೂಂ ಆಂಟಿ, ಕೇಕ್ ಥರ."

ಓನರಮ್ಮ ಆಕೆಯನ್ನು ಕಾಲಿನಿಂದ ತಲೆಯವರೆಗೆ ಅಳೆದರು. "ದೇವ್ರನ್ ಕರೀದೆ ಅಬ್ಬ ಮಾಡ್ತಿದ್ದೀರಲ್ಲ, ಊಟಕ್ಕೆ ಯಾರನ್ ಕರ್ದಿದ್ದೀರಾ? ನಾಯಿಗಳ್ನಾ?"

ಆಮೇಲೆ ನನ್ನ ಕಡೆ ತಿರುಗಿದರು. "ಏನಮ್ಮಾ ಡಿಗ್ರಿ, ಆ ಮೈಕ್ ಮಡಗಿ ತುಪ್ಪದ ಗಿಂಡಿ ಇಡ್ಕೊ. ನಡಿ."

ಕೆರೆಕೋಡಿಯ ಮಾರಮ್ಮನ ಗುಡಿಗೆ ಒಂದು ಮೈಲಿ. ಬ್ಯಾರಿಕೇಡಿನ ಹತ್ತಿರ ಸೆಕ್ಯುರಿಟಿಯವನು "ಎಕ್ಸಿಟ್ ಆ ಕಡೆ" ಅಂದ. ಅವರ ಮುಖ ನೋಡಿ ತಾನೇ ದಾರಿ ಬಿಟ್ಟ. ಸರ್ವಿಸ್ ರಸ್ತೆಯಲ್ಲಿ ಬಸ್ಸು ದಾಟಿದಾಗಲೆಲ್ಲ ಬತ್ತಿ ಮಲಗುತ್ತಿತ್ತು. ನಾನು ದುಪಟ್ಟಾ ಅಡ್ಡ ಹಿಡಿದು ಪಕ್ಕದಲ್ಲಿ ಓಡುತ್ತಿದ್ದೆ. ಅವರು ಕತ್ತು ಅಲುಗಿಸಲಿಲ್ಲ, ಬೈಗುಳವನ್ನೂ ನಿಲ್ಲಿಸಲಿಲ್ಲ. ದೀಪ ಉರಿಯುತ್ತಲೇ ಅಮ್ಮನ ಮುಂದೆ ಇಳಿಯಿತು. ತಂಬಿಟ್ಟು ಮುರಿದು ದೊಡ್ಡ ಚೂರನ್ನು ನನಗೆ ಕೊಟ್ಟರು. ನಾನು ಕ್ಷಮೆ ಕೇಳಲು ಬಾಯಿ ತೆರೆದೆ. "ತಪ್ಪಾಯ್ತು ಅಂತ ಅಮ್ಮಂಗೇಳು, ನಂಗಲ್ಲ," ಅಂದರು.

ಕಳೆದ ಶ್ರಾವಣದಲ್ಲಿ ಓನರಮ್ಮ ತೀರಿಕೊಂಡರು. ಕಮಿಟಿಯವರು ವಾಟ್ಸಾಪ್ ಗ್ರೂಪಿನಲ್ಲಿ 'ನಮ್ಮ ಬೀದಿಯ ಹೆಮ್ಮೆಯ ಅಜ್ಜಿ' ಎಂದು ಬರೆದು ಫೋಟೋ ಹಾಕಿದರು. ಅವರದಲ್ಲ, ಆ ಗುಡಿಸಲಿನದು, ಬ್ಯಾಟರಿ ದೀಪದ ಸಮೇತ. ಅದಕ್ಕೂ ಮೂವತ್ತು ಜನ ಕೈ ಮುಗಿದರು.

ಈ ವರ್ಷದ ಮಾರಮ್ಮನ ಆರತಿಗೆ ಓನರಮ್ಮನ ಪಾಲಿನ ದೀಪ ಹೊರಲು ಅವರ ಮನೆಯಲ್ಲಿ ಯಾರೂ ಮುಂದೆ ಬರಲಿಲ್ಲ. ನಾನು ಹೊತ್ತೆ. ದಾರಿಯಲ್ಲಿ ಕಮಿಟಿಯವರ ಫೋನು: ಬೀದಿ ಹಬ್ಬಕ್ಕೆ ಮೈಕು ಹಿಡಿಯಲು ಬೆಳಗಿನಿಂದ ಕರೆಯುತ್ತಿದ್ದರು. ಓನರಮ್ಮನ ಹಾಗೆ ಕೈಬಿಟ್ಟು ನಡೆಯಲು ನನಗೆ ಬರುವುದಿಲ್ಲ. ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದಿದ್ದೆ. ಗುಡಿ ಸೇರುವವರೆಗೂ ಬ್ಯಾಗಿನಲ್ಲಿ ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಹೊಡೆದುಕೊಳ್ಳಲಿ ಎಂದು ಬಿಟ್ಟೆ.